ಜೂನ್‌ಟೀನ್ತ್ ರಜೆ ರದ್ದಾಗಿದೆಯೇ? ಹ್ಯೂಸ್ಟನ್ನಿನ ಹತ್ತು ಎಕರೆಯಲ್ಲಿರುವ ಉತ್ತರ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ಒಂದು ಪಟ್ಟಿ ಹೊರಡಿಸಿತು. 2026ರಲ್ಲಿ ಪ್ರವೇಶ ಶುಲ್ಕ ಕೊಡದೆ ಉದ್ಯಾನಗಳನ್ನು ನೋಡಬಹುದಾದ ದಿನಗಳ ಪಟ್ಟಿ ಅದು. ಹಿಂದಿನ ವರ್ಷ ಇದ್ದ ಕೆಲವು ದಿನ ಅದರಲ್ಲಿ ಇರಲಿಲ್ಲ. ಬಿಟ್ಟವುಗಳಲ್ಲಿ ಒಂದು ಮಾರ್ಟಿನ್ ಲೂಥರ್ ಕಿಂಗ್ ದಿನ, ಇನ್ನೊಂದು ಗುಲಾಮಗಿರಿಯ ವಿಮೋಚನೆಯನ್ನು ನೆನೆಯುವ ಜೂನ್ 19, ಅಂದರೆ ಜೂನ್‌ಟೀನ್ತ್. ಹೊಸದಾಗಿ ಸೇರಿದವುಗಳಲ್ಲಿ ಜೂನ್ 14 ಇತ್ತು. ಅದು ಧ್ವಜ ದಿನ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಹುಟ್ಟುಹಬ್ಬವೂ ಹೌದು.

ಅದಕ್ಕೆ ಐದು ತಿಂಗಳ ಹಿಂದೆ, 2025ರ ಜೂನ್ 19ರಂದೇ, ದೇಶದಲ್ಲಿ ಕೆಲಸವಿಲ್ಲದ ರಜೆಗಳು ಅತಿಯಾಗಿವೆ ಎಂದು ಟ್ರಂಪ್ ಬರೆದಿದ್ದರು. ಎರಡು ಸುದ್ದಿಯನ್ನೂ ಒಟ್ಟಿಗೆ ಓದಿದ ಅನೇಕರು ಜೂನ್‌ಟೀನ್ತ್ ರಜೆಯೇ ರದ್ದಾಯಿತು ಎಂದುಕೊಂಡರು. ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರಿಗೂ ಈ ದಿನ ಮೊದಲಿನಿಂದಲೇ ಗೊಂದಲದ್ದು. ಒಂದು ಕಚೇರಿಗೆ ರಜೆ, ಪಕ್ಕದ ಕಚೇರಿಗೆ ಇಲ್ಲ. ಬ್ಯಾಂಕ್ ಮುಚ್ಚಿರುತ್ತದೆ, ಅಂಗಡಿ ತೆರೆದಿರುತ್ತದೆ. ಹಾಗಾದರೆ ನಿಜವಾಗಿ ಬದಲಾದದ್ದೇನು? ಅದನ್ನು ತಿಳಿಯಲು ಕಾನೂನಿನಿಂದ ಶುರುಮಾಡಿ ಟೆಕ್ಸಸ್‌ನ ಒಂದು ಸಮುದಾಯ ಭವನದವರೆಗೆ ಹೋಗಬೇಕಾಗುತ್ತದೆ.

ರದ್ದು ಮಾಡುವ ಅಧಿಕಾರ ಯಾರಿಗಿದೆ

ರಜೆ ರದ್ದಾಗಿಲ್ಲ. ಜೂನ್‌ಟೀನ್ತ್ ಅಮೆರಿಕದ ಹನ್ನೊಂದು ಫೆಡರಲ್ ರಜೆಗಳಲ್ಲಿ ಒಂದು. 2021ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಅದನ್ನು ಪಟ್ಟಿಗೆ ಸೇರಿಸಿತು. ಹಾಗೆ ಸೇರಿದ್ದನ್ನು ತೆಗೆಯಲು ಮತ್ತೊಂದು ಕಾನೂನೇ ಬೇಕು. ಅಧ್ಯಕ್ಷರ ಸಹಿಯೊಂದರಿಂದ ಆಗುವ ಕೆಲಸ ಅದಲ್ಲ.

ಆದರೆ ಈ ಕಾನೂನಿನ ವ್ಯಾಪ್ತಿಯೂ ಚಿಕ್ಕದು. ಅದು ಕಟ್ಟಿಹಾಕುವುದು ಕೇಂದ್ರ ಸರ್ಕಾರದ ಕಚೇರಿಗಳನ್ನು ಮತ್ತು ನೌಕರರನ್ನು ಮಾತ್ರ. ರಾಜ್ಯಗಳು ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಳ್ಳುತ್ತವೆ, ಖಾಸಗಿ ಕಂಪನಿಗಳಿಗೆ ಯಾವ ಬಂಧನವೂ ಇಲ್ಲ. ಒಂದೇ ಬೀದಿಯಲ್ಲಿ ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಕೆಲಸ ಆಗುವುದು ಇದರಿಂದಲೇ.

ರಜೆಯ ಸುತ್ತ ಇರುವ ಉಳಿದೆಲ್ಲವೂ ಆಡಳಿತದ ಮರ್ಜಿಗೆ ಬಿಟ್ಟದ್ದು. ಆ ದಿನ ಅಧ್ಯಕ್ಷರು ಘೋಷಣೆ ಹೊರಡಿಸಬೇಕೇ, ಇಲಾಖೆಗಳು ಕಾರ್ಯಕ್ರಮ ಮಾಡಬೇಕೇ, ಉದ್ಯಾನದ ಶುಲ್ಕ ಬಿಡಬೇಕೇ, ಊರಿನ ಉತ್ಸವಕ್ಕೆ ಅನುದಾನ ಕೊಡಬೇಕೇ ಎಂಬ ಯಾವುದಕ್ಕೂ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಈಗ ಕೈ ಬಿದ್ದಿರುವುದು ಅಲ್ಲಿಗೆ. ಕ್ಯಾಲೆಂಡರಿನಲ್ಲಿ ದಿನ ಹಾಗೆಯೇ ಉಳಿದಿದೆ, ಅದಕ್ಕೆ ಸರ್ಕಾರ ತೋರುತ್ತಿದ್ದ ಮನ್ನಣೆ ಒಂದೊಂದಾಗಿ ಕಡಿಮೆಯಾಗುತ್ತಿದೆ. ರಜೆ ಇದ್ದೂ ಆಚರಣೆ ಬಡವಾಗುವುದು ಹೇಗೆ ಎಂಬುದು ಇಲ್ಲಿಂದ ಅರ್ಥವಾಗುತ್ತದೆ.

1865ರ ಜೂನ್ 19

ಅಬ್ರಹಾಂ ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಅದು ಅನ್ವಯಿಸಿದ್ದು ಅಂತರ್ಯುದ್ಧದಲ್ಲಿ ಒಕ್ಕೂಟದ ವಿರುದ್ಧ ದಂಗೆಯೆದ್ದಿದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ. ಅಲ್ಲಿ ಲಿಂಕನ್‌ರ ಮಾತು ನಡೆಯಬೇಕಾದರೆ ಅವರ ಸೈನ್ಯ ಅಲ್ಲಿಗೆ ತಲುಪಬೇಕಿತ್ತು. ಟೆಕ್ಸಸ್ ಯುದ್ಧರಂಗದಿಂದ ದೂರವಿದ್ದ ರಾಜ್ಯ. ಹಾಗಾಗಿ ಬೇರೆ ರಾಜ್ಯಗಳ ಮಾಲೀಕರು ತಮ್ಮ ಗುಲಾಮರನ್ನು ಅಲ್ಲಿಗೆ ಅಟ್ಟಿಕೊಂಡು ಬಂದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 2,50,000 ಮಂದಿ ಅಲ್ಲಿ ಗುಲಾಮರಾಗಿದ್ದರು.

ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದದ್ದು 1865ರ ಏಪ್ರಿಲ್‌ನಲ್ಲಿ. ಎರಡು ತಿಂಗಳ ಮೇಲೆ, ಜೂನ್ 19ರಂದು, ಒಕ್ಕೂಟದ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಮೂರನೆಯ ಸಾಮಾನ್ಯ ಆದೇಶ ಹೊರಡಿಸಿದರು: ಎಲ್ಲ ಗುಲಾಮರೂ ಸ್ವತಂತ್ರರು.

ಸುದ್ದಿ ತಡವಾಗಿ ಮುಟ್ಟಿತು ಎಂದು ಈ ಕಥೆಯನ್ನು ಹೇಳುವ ರೂಢಿಯಿದೆ. ಅದು ಅರ್ಧ ಸತ್ಯ. ಮಾಲೀಕರಿಗೆ ಘೋಷಣೆಯ ವಿಷಯ ಗೊತ್ತಿತ್ತು, ಅನೇಕ ಗುಲಾಮರ ಕಿವಿಗೂ ಬಿದ್ದಿತ್ತು. ಇಲ್ಲದಿದ್ದದ್ದು ಅದನ್ನು ಜಾರಿ ಮಾಡುವ ಬಲ. ಗ್ರೇಂಜರ್ ಸೈನಿಕರೊಂದಿಗೆ ಬಂದಿದ್ದರಿಂದಲೇ ಅವರ ಆದೇಶಕ್ಕೆ ಬೆಲೆ ಬಂತು.

ಆದೇಶದ ಉಳಿದ ಸಾಲುಗಳನ್ನು ಓದಿದವರು ಕಡಿಮೆ. ಹಳೆಯ ಮಾಲೀಕರಿಗೂ ಗುಲಾಮರಾಗಿದ್ದವರಿಗೂ ವೈಯಕ್ತಿಕ ಹಕ್ಕಿನಲ್ಲಿ, ಆಸ್ತಿಯ ಹಕ್ಕಿನಲ್ಲಿ ಪೂರ್ಣ ಸಮಾನತೆ ಇರುತ್ತದೆ ಎಂದು ಅದು ಹೇಳುತ್ತದೆ. ಅದರ ಬೆನ್ನಿಗೇ, ಈಗಿರುವ ಮನೆಗಳಲ್ಲೇ ಸುಮ್ಮನಿದ್ದು ಕೂಲಿಗೆ ದುಡಿಯಿರಿ, ಕೆಲಸವಿಲ್ಲದೆ ಕೂತರೆ ಸೈನ್ಯ ಸಾಕುವುದಿಲ್ಲ ಎಂದೂ ಹೇಳುತ್ತದೆ. ಹಕ್ಕು ಕೊಟ್ಟ ಕಾಗದವೇ ಮಾಲೀಕನ ಜಮೀನಿನಲ್ಲೇ ಉಳಿಯಿರಿ ಎಂದಿತು. ಸ್ವಂತ ನೆಲವಿಲ್ಲದವರಿಗೆ ಹೋಗಲು ಬೇರೆ ಜಾಗವಾದರೂ ಎಲ್ಲಿತ್ತು?

ಜಾಗ ಸಿಗದಂತೆ ಮರುವರ್ಷವೇ ನೋಡಿಕೊಳ್ಳಲಾಯಿತು. ಟೆಕ್ಸಸ್‌ನ ಸರ್ಕಾರಿ ಜಮೀನು ಕೇಂದ್ರದ ಕೈಯಲ್ಲಿರಲಿಲ್ಲ, ರಾಜ್ಯದ ಕೈಯಲ್ಲಿತ್ತು. 1866ರಲ್ಲಿ ಅದನ್ನು ಹಂಚಲು ರಾಜ್ಯ ಮಾಡಿದ ಕಾನೂನು ಬಿಳಿಯರಿಗಷ್ಟೇ ಅವಕಾಶ ಕೊಟ್ಟಿತು. ತಲೆಮಾರುಗಟ್ಟಲೆ ಆ ಮಣ್ಣಿನಲ್ಲಿ ಹತ್ತಿ ಬೆಳೆದವರಿಗೆ ಅದರ ಒಂದು ತುಂಡೂ ಪುಕ್ಕಟೆ ಸಿಗಲಿಲ್ಲ.

ಸಾವಿರ ಡಾಲರಿನ ಹತ್ತು ಎಕರೆ

ಈ ಹಿನ್ನೆಲೆಯಲ್ಲಿ ನೋಡಿದರೆ ಹ್ಯೂಸ್ಟನ್ನಿನಲ್ಲಿ 1872ರಲ್ಲಿ ನಡೆದದ್ದರ ತೂಕ ತಿಳಿಯುತ್ತದೆ. ಗುಲಾಮಗಿರಿಯಲ್ಲಿ ಹುಟ್ಟಿದ್ದ ಬ್ಯಾಪ್ಟಿಸ್ಟ್ ಪಾದ್ರಿ ಜಾಕ್ ಯೇಟ್ಸ್, ಅವರೊಂದಿಗೆ ರಿಚರ್ಡ್ ಅಲೆನ್, ರಿಚರ್ಡ್ ಬ್ರಾಕ್, ಎಲಿಯಾಸ್ ಡಿಬಲ್ ಮುಂದಾಗಿ, ಸಭೆಯ ಜನರಿಂದ ಹಣ ಕೂಡಿಸಿ ಸುಮಾರು ಸಾವಿರ ಡಾಲರಿಗೆ ಹತ್ತು ಎಕರೆ ಕೊಂಡರು. ವ್ಯವಸಾಯಕ್ಕಲ್ಲ, ಮನೆ ಕಟ್ಟಲಿಕ್ಕೂ ಅಲ್ಲ. ವರ್ಷಕ್ಕೊಮ್ಮೆ ಜೂನ್ 19ರಂದು ಸೇರಲು ಅವರಿಗೆ ಒಂದು ಜಾಗ ಬೇಕಿತ್ತು. ಅದಕ್ಕೆ ವಿಮೋಚನಾ ಉದ್ಯಾನ ಎಂದೇ ಹೆಸರಿಟ್ಟರು. ಈ ಉದ್ಯಾನಕ್ಕೆ 2022ರಲ್ಲಿ 150 ವರ್ಷ ತುಂಬಿತು.

ಏಳೇ ವರ್ಷದ ಹಿಂದೆ ತಾವೇ ಇನ್ನೊಬ್ಬರ ಆಸ್ತಿಯಾಗಿದ್ದವರು ಹಬ್ಬ ಮಾಡಲು ಆಸ್ತಿ ಕೊಂಡದ್ದು ಯಾಕೆ? ಸಾರ್ವಜನಿಕ ಜಾಗಗಳಲ್ಲಿ ಕಪ್ಪು ಜನ ಗುಂಪುಗೂಡಲು ಬಿಡುತ್ತಿರಲಿಲ್ಲ. ಹೊಳೆದಂಡೆಯಲ್ಲೋ ಯಾರದೋ ಹೊಲದಂಚಿನಲ್ಲೋ ಸೇರಿದರೆ ಮುಂದಿನ ವರ್ಷ ಜಾಗದ ಒಡೆಯ ಬೇಡ ಎನ್ನಬಹುದು. ನೆಲದ ಪತ್ರ ತಮ್ಮ ಹೆಸರಿನಲ್ಲಿದ್ದರೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಜೂನ್‌ಟೀನ್ತ್ ಯಾವ ಸರ್ಕಾರದ ಮಾನ್ಯತೆಯೂ ಇಲ್ಲದೆ ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದುಬಂದದ್ದು ಚರ್ಚುಗಳಿಂದ, ಮನೆಗಳಿಂದ, ಮತ್ತು ಹೀಗೆ ಕೊಂಡ ನೆಲಗಳಿಂದ.

ನಗರದ ಕೈಗೆ ಬಂದ ಮೇಲೆ

ಮೊದಲ ಮಹಾಯುದ್ಧದ ಹೊತ್ತಿಗೆ ಉದ್ಯಾನವನ್ನು ಹ್ಯೂಸ್ಟನ್ ನಗರಕ್ಕೆ ಒಪ್ಪಿಸಲಾಯಿತು. ಕಪ್ಪು ಜನರನ್ನೂ ಬಿಳಿಯರನ್ನೂ ಕಾನೂನೇ ಬೇರೆ ಬೇರೆ ಇಟ್ಟಿದ್ದ ಪ್ರತ್ಯೇಕತೆಯ ಕಾಲ ಅದು. 1940ರವರೆಗೂ ಆ ದೊಡ್ಡ ನಗರದಲ್ಲಿ ಕಪ್ಪು ಜನರಿಗೆ ತೆರೆದಿದ್ದ ನಗರ ಉದ್ಯಾನ ಇದೊಂದೇ. 1939ರಲ್ಲಿ ಕೇಂದ್ರದ ಲೋಕೋಪಯೋಗಿ ಯೋಜನೆಯ ಹಣದಿಂದ ಅಲ್ಲಿ ಸಮುದಾಯ ಭವನ, ಈಜುಕೊಳ ಎದ್ದವು. ವರ್ಷಕ್ಕೊಂದು ದಿನ ಜನ ಸೇರುತ್ತಿದ್ದ ಜಾಗದಲ್ಲಿ ಇನ್ನುಮೇಲೆ ದಿನನಿತ್ಯ ಜನರಿದ್ದರು. ಆಟ, ನಾಟಕ, ಸಂಗೀತ, ಸಭೆ ಎಲ್ಲಕ್ಕೂ ಸೂರು ಸಿಕ್ಕಿತು. ಒಂದು ಸಮುದಾಯಕ್ಕೆ ಭವನ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂದು ನಮ್ಮ ತಾಲ್ಲೂಕುಗಳಲ್ಲಿ ಅಂಬೇಡ್ಕರ್ ಭವನಕ್ಕಾಗಿ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲಿನ ಇಳಿತಕ್ಕೂ ಕಾರಣಗಳಿವೆ. ಉದ್ಯಾನವಿರುವ ಥರ್ಡ್ ವಾರ್ಡ್ ಬಡಾವಣೆಯ ಅಂಚಿನಲ್ಲಿ ಹೆದ್ದಾರಿಗಳು ಬಂದು ಮನೆಗಳನ್ನು ನುಂಗಿದವು. ಪ್ರತ್ಯೇಕತೆ ಕಾನೂನಿನಲ್ಲಿ ಕೊನೆಗೊಂಡಾಗ ಉಳ್ಳವರು ಬೇರೆ ಕಡೆ ಮನೆ ಮಾಡಿದರು, ಅಂಗಡಿಗಳು ಮುಚ್ಚಿದವು. ಭವನ ಹಳತಾಯಿತು. ಎದುರಿನ ರಸ್ತೆಗೆ ಮಾತ್ರ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಸೈನ್ಯದ ಡಿಕ್ ಡೌಲಿಂಗ್ ಎಂಬ ಅಧಿಕಾರಿಯ ಹೆಸರು ಹಾಗೆಯೇ ಇತ್ತು. ವಿಮೋಚನಾ ಉದ್ಯಾನದ ವಿಳಾಸವೇ ಡೌಲಿಂಗ್ ಬೀದಿ.

2007ರ ಸುಮಾರಿಗೆ ಊರಿನವರು ಮತ್ತೆ ಸಂಘಟಿತರಾದರು. ಸುಮಾರು 3.3 ಕೋಟಿ ಡಾಲರ್ ವೆಚ್ಚದಲ್ಲಿ ಹಳೆಯ ಭವನವನ್ನು ಸರಿಪಡಿಸಿ, ಹೊಸ ಕ್ರೀಡಾ ಭವನ ಸೇರಿಸಿ, 2017ರ ಜೂನ್ 17ರಂದು ಮತ್ತೆ ತೆರೆಯಲಾಯಿತು. ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದ ವಿನ್ಯಾಸದಲ್ಲಿ ಪ್ರಮುಖರಾಗಿದ್ದ ಫಿಲ್ ಫ್ರೀಲನ್ ಇದರ ವಾಸ್ತುಶಿಲ್ಪಿ. ಅದೇ ವರ್ಷ ಡೌಲಿಂಗ್ ಬೀದಿ ವಿಮೋಚನಾ ಬೀದಿಯಾಯಿತು. ಹಾಗಾಗಿ ಇಲ್ಲಿ ಪ್ರತಿ ಜೂನ್‌ನಲ್ಲಿ ಎರಡು ದಿನದ ಅಂತರದಲ್ಲಿ ಭವನ ಮರುತೆರೆದ ವಾರ್ಷಿಕೋತ್ಸವವೂ ವಿಮೋಚನೆಯ ವಾರ್ಷಿಕೋತ್ಸವವೂ ಬರುತ್ತವೆ.

ಊರಿನ ಹಬ್ಬ ದೇಶದ ರಜೆಯಾದದ್ದು

ಹ್ಯೂಸ್ಟನ್ನಿನ ಶಾಸಕ ಅಲ್ ಎಡ್ವರ್ಡ್ಸ್ 1979ರಲ್ಲಿ ತಂದ ಮಸೂದೆಯಿಂದ ಜೂನ್ 19 ಟೆಕ್ಸಸ್‌ನ ಅಧಿಕೃತ ದಿನವಾಯಿತು, 1980ರಲ್ಲಿ ಜಾರಿಗೆ ಬಂತು. ಆದರೂ ಅದು ಕಚೇರಿಗಳನ್ನು ಪೂರ್ತಿ ಮುಚ್ಚುವ ರಜೆಯಲ್ಲ, ಒಂದಷ್ಟು ಸಿಬ್ಬಂದಿ ಇರಲೇಬೇಕಾದ ರಜೆ. ಅದೇ ವರ್ಗದಲ್ಲಿ ಜನವರಿ 19 ಕೂಡ ಇದೆ. ಅದು ಗುಲಾಮಗಿರಿಯ ಪರ ನಿಂತ ಸೈನ್ಯದ ವೀರರನ್ನು ನೆನೆಯುವ ದಿನ. ಬಿಡುಗಡೆಯನ್ನೂ ಬಿಡುಗಡೆಯ ವಿರುದ್ಧ ಹೋರಾಡಿದವರನ್ನೂ ಒಂದೇ ಪಟ್ಟಿಯಲ್ಲಿ ಗೌರವಿಸುವ ರಾಜ್ಯದಲ್ಲಿ, ಪಟ್ಟಿಯಲ್ಲಿ ಹೆಸರಿದೆ ಎಂಬುದನ್ನೇ ನೆಚ್ಚಿಕೊಳ್ಳಲಾಗದು.

ರಾಷ್ಟ್ರಮಟ್ಟಕ್ಕೆ ಒಯ್ಯಲು ದಶಕಗಳ ಪ್ರಯತ್ನ ನಡೆದಿತ್ತು. ಫೋರ್ಟ್ ವರ್ತ್‌ನ ಓಪಲ್ ಲೀ ಅವರ ಕುಟುಂಬದ ಮನೆಯನ್ನು 1939ರ ಜೂನ್ 19ರಂದೇ ಬಿಳಿಯರ ಗುಂಪೊಂದು ಧ್ವಂಸ ಮಾಡಿತ್ತು. ಆಗ ಹನ್ನೆರಡು ವರ್ಷದವರಾಗಿದ್ದ ಅವರು 2016ರಲ್ಲಿ, 89ನೇ ವಯಸ್ಸಿನಲ್ಲಿ, ರಾಷ್ಟ್ರೀಯ ರಜೆಗಾಗಿ ನಡಿಗೆ ಹೊರಟರು. ಗ್ಯಾಲ್ವೆಸ್ಟನ್ನಿಗೆ ವಿಮೋಚನೆ ಬರಲು ಹಿಡಿದ ಎರಡೂವರೆ ವರ್ಷದ ನೆನಪಿಗೆ ಪ್ರತಿ ಸಲ ಎರಡೂವರೆ ಮೈಲಿ.

ಕೊನೆಗೆ ಬಾಗಿಲು ತೆರೆದದ್ದು ಒಂದು ಸಾವು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಸತ್ತ ಜಾರ್ಜ್ ಫ್ಲಾಯ್ಡ್ ಬೆಳೆದದ್ದು ಇದೇ ಥರ್ಡ್ ವಾರ್ಡ್‌ನಲ್ಲಿ. ಓದಿದ್ದು ಉದ್ಯಾನ ಕೊಂಡ ಪಾದ್ರಿಯ ಹೆಸರಿನ ಜಾಕ್ ಯೇಟ್ಸ್ ಹೈಸ್ಕೂಲಿನಲ್ಲಿ. ಆ ವರ್ಷದ ಪ್ರತಿಭಟನೆಗಳ ಒತ್ತಡದಲ್ಲಿ ಮಸೂದೆ ಮುಂದೆ ಬಂತು. ಸೆನೆಟ್ ಅವಿರೋಧವಾಗಿ ಒಪ್ಪಿತು, ಕೆಳಮನೆಯಲ್ಲಿ 415 ಮತ ಪರ, 14 ವಿರೋಧ. ಜೋ ಬೈಡನ್ 2021ರ ಜೂನ್ 17ರಂದು ಸಹಿ ಹಾಕಿದರು.

ಯಾರ ವಾದ ಏನು

ವಿರೋಧಿಸಿದವರೆಲ್ಲ ಒಂದೇ ಮಾತು ಹೇಳಲಿಲ್ಲ. ವಿಸ್ಕಾನ್ಸಿನ್ ಸೆನೆಟರ್ ರಾನ್ ಜಾನ್ಸನ್ 2020ರಲ್ಲಿ ತಡೆದದ್ದು ಖರ್ಚಿನ ಕಾರಣಕ್ಕೆ: ಕೇಂದ್ರ ನೌಕರರಿಗೆ ಇನ್ನೊಂದು ದಿನದ ಸಂಬಳ ಸಹಿತ ರಜೆ ಕೊಟ್ಟರೆ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟರು. ಮರುವರ್ಷ ಆಕ್ಷೇಪ ಹಿಂತೆಗೆದುಕೊಂಡರು. ಟೆಕ್ಸಸ್‌ನ ಚಿಪ್ ರಾಯ್ ಅವರ ತಕರಾರು ಹೆಸರಿನ ಮೇಲೆ. ಜುಲೈ 4 ಇರುವಾಗ ಇದನ್ನೂ ಸ್ವಾತಂತ್ರ್ಯ ದಿನ ಎಂದು ಕರೆದರೆ ಜನಾಂಗದ ಮೇಲೆ ದೇಶ ಒಡೆಯುತ್ತದೆ ಎಂದರು. ಟ್ರಂಪ್ ಈಗ ಮುಂದಿಡುವುದು ಕೆಲಸದ ದಿನಗಳ ನಷ್ಟವನ್ನು.

ಬೆಂಬಲಿಸಿದವರ ಉತ್ತರ: 1776ರ ಸ್ವಾತಂತ್ರ್ಯ ಗುಲಾಮರಿಗೆ ಸಿಕ್ಕಿರಲೇ ಇಲ್ಲ, ಆದ್ದರಿಂದ ಎರಡನೆಯ ದಿನ ಮೊದಲನೆಯದನ್ನು ಪೂರ್ತಿ ಮಾಡುತ್ತದೆ. ಈ ಉತ್ತರ ನನಗೆ ಸರಿಯೆನಿಸುತ್ತದೆ. ಖರ್ಚಿನ ವಾದವನ್ನು ಹನ್ನೊಂದೂ ರಜೆಗಳ ಮೇಲೆ ಹೂಡಿದ್ದರೆ ಅದಕ್ಕೆ ಬೇರೆ ತೂಕ ಇರುತ್ತಿತ್ತು. ಜೂನ್ 19ರಂದೇ ಎತ್ತಿ, ಶುಲ್ಕರಹಿತ ಪಟ್ಟಿಯಿಂದ ಕಪ್ಪು ಜನರ ಇತಿಹಾಸದ ಎರಡೂ ದಿನಗಳನ್ನು ಬಿಟ್ಟಾಗ ಅದು ಖರ್ಚಿನ ಮಾತಾಗಿ ಉಳಿಯುವುದಿಲ್ಲ.

ಮೂರನೆಯ ದನಿ ಕಪ್ಪು ಜನರ ಒಳಗಿನದ್ದು. ಮತದಾನದ ಹಕ್ಕನ್ನು ಬಲಪಡಿಸುವ ಮಸೂದೆಗಳು ಸೆನೆಟ್‌ನಲ್ಲಿ ಸಿಕ್ಕಿಬಿದ್ದಿದ್ದ ಹೊತ್ತಿನಲ್ಲೇ ರಜೆ ಮಾತ್ರ ಸಲೀಸಾಗಿ ಸಿಕ್ಕಿತು, ಕೇಳಿದ್ದೊಂದು ಕೊಟ್ಟದ್ದೊಂದು ಎಂದರು ಹಲವರು. ವ್ಯಾಪಾರ ಒಳನುಗ್ಗೀತು ಎಂಬ ಅಂಜಿಕೆಯೂ ಇತ್ತು. 2022ರಲ್ಲಿ ವಾಲ್‌ಮಾರ್ಟ್ ಜೂನ್‌ಟೀನ್ತ್ ಹೆಸರಿನ ಐಸ್‌ಕ್ರೀಂ ಮಾರಲು ಹೋಗಿ, ಆಕ್ರೋಶ ಎದ್ದ ಮೇಲೆ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು.

ಹೊರಗಿನ ಹಣ ಬಂದ ದಾರಿ, ಹೋದ ದಾರಿ

ಕಂಪನಿಗಳ ಹಣ ಉತ್ಸವದ ಅಳತೆಯನ್ನೇ ಬದಲಿಸಿತು. 2020ರ ನಂತರ ಪ್ರಾಯೋಜಕರು ಸಾಲುಗಟ್ಟಿದರು. ವೇದಿಕೆ ದೊಡ್ಡದಾಯಿತು, ಹೆಸರಾಂತ ಕಲಾವಿದರು ಬಂದರು, ಭದ್ರತೆ ಮತ್ತು ವಿಮೆಯ ಖರ್ಚು ಏರಿತು. ಚಂದಾ ಎತ್ತಿ ನಡೆಸುತ್ತಿದ್ದ ಹಬ್ಬ ಪ್ರಾಯೋಜಕರಿಲ್ಲದೆ ನಡೆಯದ ಕಾರ್ಯಕ್ರಮವಾಯಿತು. 2025ರಲ್ಲಿ ಹೊಸ ಆಡಳಿತ ವೈವಿಧ್ಯ ಮತ್ತು ಸಮಾನತೆಯ ಕಾರ್ಯಕ್ರಮಗಳ ವಿರುದ್ಧ ನಿಂತಾಗ ಕಂಪನಿಗಳು ಕೈಹಿಂದೆಗೆದವು. ಡೆನ್ವರ್‌ನ ಜೂನ್‌ಟೀನ್ತ್ ಸಂಗೀತೋತ್ಸವ ಎರಡು ದಿನದಿಂದ ಒಂದು ದಿನಕ್ಕೆ ಇಳಿಯಿತು. ರಾಷ್ಟ್ರೀಯ ಕಲಾ ನಿಧಿ ಆ ಮೇ ತಿಂಗಳಲ್ಲಿ ದೇಶದುದ್ದಕ್ಕೂ ಅನುದಾನಗಳನ್ನು ಹಿಂತೆಗೆದುಕೊಂಡಿತು. ಪಶ್ಚಿಮ ವರ್ಜೀನಿಯಾ ಸರ್ಕಾರ ಹಣಕಾಸಿನ ಕಾರಣ ಹೇಳಿ ತಾನು ಕಾರ್ಯಕ್ರಮ ನಡೆಸುವುದಿಲ್ಲ ಎಂದಿತು.

ಸ್ವಂತ ಜಾಗವಿರುವಲ್ಲಿ ಪ್ರಾಯೋಜಕರು ಹೋದರೆ ವೇದಿಕೆ ಚಿಕ್ಕದಾಗುತ್ತದೆ, ಹಬ್ಬ ನಿಲ್ಲುವುದಿಲ್ಲ. ಬಾಡಿಗೆ ಮೈದಾನ, ಬಾಡಿಗೆ ವೇದಿಕೆಯ ಮೇಲೆ ನಡೆಯುವ ಉತ್ಸವಕ್ಕೆ ಆ ಆಸರೆ ಇಲ್ಲ.

ನೆಲವೂ ಪೂರ್ತಿ ಭದ್ರವಲ್ಲ

ಹಾಗೆಂದು ನೆಲವಿದ್ದರೆ ಸಾಕು ಎನ್ನಲೂ ಬರುವುದಿಲ್ಲ. ಟೆಕ್ಸಸ್‌ನ ರಾಜಧಾನಿ ಆಸ್ಟಿನ್ನಿನಲ್ಲೂ ಕಪ್ಪು ಜನ 1907ರಲ್ಲಿ ವಿಮೋಚನಾ ಉದ್ಯಾನಕ್ಕೆಂದು ಜಮೀನು ಕೊಂಡಿದ್ದರು. 1930ರ ದಶಕದ ಕೊನೆಯಲ್ಲಿ ಸಾರ್ವಜನಿಕ ವಸತಿ ಯೋಜನೆಗಾಗಿ ಅದನ್ನು ಬಲವಂತವಾಗಿ ಸ್ವಾಧೀನ ಮಾಡಿಕೊಳ್ಳಲಾಯಿತು. ಅಲ್ಲಿ ಎದ್ದ ರೋಸ್‌ವುಡ್ ಕೋರ್ಟ್ಸ್ ಮನೆಗಳೂ ಕಪ್ಪು ಬಡವರಿಗೆಂದೇ ಇದ್ದವು. ಮನೆ ಸಿಕ್ಕಿತು, ಉದ್ಯಾನ ಹೋಯಿತು. ಎರಡರಲ್ಲೊಂದು ಬಿಡಬೇಕಾದ ಸ್ಥಿತಿ ನಗರದ ಬಿಳಿಯ ಬಡಾವಣೆಗಳಿಗೆ ಬಂದಿರಲಿಲ್ಲ.

ಹ್ಯೂಸ್ಟನ್ನಿನ ಈಗಿನ ಅಪಾಯ ಬೇರೆ ರೀತಿಯದು. ಉದ್ಯಾನದ ನವೀಕರಣಕ್ಕೆ ಬಂದ ಹಣದಲ್ಲಿ ದೊಡ್ಡ ಪಾಲು ವಿಶೇಷ ತೆರಿಗೆ ವಲಯದ್ದು. ಇಂಥ ವಲಯದಲ್ಲಿ ಒಂದು ವರ್ಷದ ಆಸ್ತಿ ಮೌಲ್ಯವನ್ನು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಬೆಲೆ ಏರಿ ಬರುವ ಹೆಚ್ಚುವರಿ ತೆರಿಗೆಯನ್ನು ನಗರದ ಸಾಮಾನ್ಯ ಖಜಾನೆಗೆ ಹಾಕದೆ ಅಲ್ಲಿಯ ಕೆಲಸಗಳಿಗೇ ಬಳಸುತ್ತಾರೆ. ಅಂದರೆ ಉದ್ಯಾನಕ್ಕೆ ಹಣ ಹುಟ್ಟಬೇಕಾದರೆ ಸುತ್ತಲಿನ ನೆಲದ ಬೆಲೆ ಏರಬೇಕು. ಉದ್ಯಾನ ಚೆಂದವಾದರೆ ಬೆಲೆ ಇನ್ನಷ್ಟು ಏರುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ ಕಾರಣ ಆಸ್ತಿ ತೆರಿಗೆಯ ಹೊರೆ ಹೆಚ್ಚು. ಥರ್ಡ್ ವಾರ್ಡ್ ನಗರದ ನಡುಭಾಗಕ್ಕೆ ಅಂಟಿಕೊಂಡಿದೆ, ಹೊಸ ಮನೆಗಳಿಗೆ ಬೇಡಿಕೆಯೂ ಇದೆ. ಪಿಂಚಣಿಯಲ್ಲಿ ಬದುಕುವ ಹಳೆಯ ಮನೆಯವರು ತೆರಿಗೆ ಕಟ್ಟಲಾರದೆ ಮಾರಿ ಹೊರಡುತ್ತಾರೆ, ಬಾಡಿಗೆಯವರು ಅವರಿಗಿಂತ ಮೊದಲೇ ಹೋಗಿರುತ್ತಾರೆ. ಭವನ ಉಳಿದು, ಅದು ಯಾರಿಗಾಗಿ ಇತ್ತೋ ಅವರು ದೂರದಿಂದ ಕಾರಿನಲ್ಲಿ ಬಂದುಹೋಗುವ ಅತಿಥಿಗಳಾಗುವ ಸಾಧ್ಯತೆ ಎದುರಿಗಿದೆ.

ಇದನ್ನು ತಡೆಯುವ ಪ್ರಯತ್ನವೂ ನಡೆದಿದೆ. ಶಾಸಕ ಗಾರ್ನೆಟ್ ಕೋಲ್ಮನ್ ಅವರ ಮುಂದಾಳತ್ವದಲ್ಲಿ ಪಕ್ಕದ ಮಿಡ್‌ಟೌನ್ ತೆರಿಗೆ ವಲಯದ ಹಣದಿಂದ ಥರ್ಡ್ ವಾರ್ಡ್‌ನಲ್ಲಿ ನಿವೇಶನಗಳನ್ನು ಕೊಂಡು, ಕೈಗೆಟಕುವ ಬಾಡಿಗೆ ಮನೆಗಳಿಗೆಂದು ಕಾದಿಡಲಾಯಿತು. 1872ರ ಯೋಚನೆಯೇ ಇಲ್ಲಿಯೂ ಇದೆ: ಮೊದಲು ನೆಲವನ್ನು ಹಿಡಿದಿಟ್ಟುಕೊಳ್ಳಬೇಕು.

ಉತ್ತರ ಕನ್ನಡದ ಸಿದ್ದಿಗಳ ವಿಷಯ

ಗುಲಾಮರ ವ್ಯಾಪಾರದ ಒಂದು ಎಳೆ ಕರ್ನಾಟಕಕ್ಕೂ ಬಂದಿದೆ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಬಂದವರು, ಬಿಡುಗಡೆಯಾಗಿ ಬಂದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿ ನೆಲೆಸಿದರು. ಅವರ ವಂಶದವರೇ ಸಿದ್ದಿಗಳು. ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿಸಿದ್ದು 1843ರ ಕಾಯ್ದೆ. ಅದನ್ನು ನೆನೆಯುವ ಸರ್ಕಾರಿ ದಿನ ನಮ್ಮಲ್ಲಿಲ್ಲ. ಸಿದ್ದಿಗಳಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಕಾಡಿನಂಚಿನ ಸಾಗುವಳಿ ಜಮೀನಿನ ಹಕ್ಕು.

ಅಲ್ಲಿ ಒಂದು ದಿನಾಂಕ ಬಹಳ ಮುಖ್ಯವಾಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಕೊಡಬೇಕು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಪಂಗಡದ ಮಾನ್ಯತೆ ಬಂದದ್ದು 2020ರಲ್ಲಿ. ಒಂದೇ ಮೂಲದ, ಒಂದೇ ಕಷ್ಟದ ಜನರಲ್ಲಿ ಜಿಲ್ಲೆಯ ಗಡಿಯ ಆಚೆಗಿದ್ದವರು ಅಷ್ಟೂ ವರ್ಷ ಆ 75 ವರ್ಷದ ಷರತ್ತಿನ ಎದುರು ನಿಂತಿದ್ದರು. ಓದುಬರಹಕ್ಕೆ ಅವಕಾಶವೇ ಇರದಿದ್ದ ಅಜ್ಜ ಅಜ್ಜಿಯರ ದಾಖಲೆಯನ್ನು ಅವರು ಎಲ್ಲಿಂದ ತರಬೇಕಿತ್ತು?

ಮುಂದೆ ಏನನ್ನು ಗಮನಿಸಬೇಕು

ಜೂನ್‌ಟೀನ್ತ್ ರಜೆಯನ್ನು ಕಾನೂನಿನಿಂದ ತೆಗೆಯುವುದು ಸುಲಭವಿಲ್ಲ. 2021ರಲ್ಲಿ ಪರವಾಗಿ ಮತ ಹಾಕಿದ ರಿಪಬ್ಲಿಕನ್ನರೇ ತಮ್ಮ ಮತವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಹೆಚ್ಚು ಸಂಭವವಿರುವುದು ಈಗಿನ ದಾರಿಯೇ ಮುಂದುವರಿಯುವುದು: ಘೋಷಣೆ ಇಲ್ಲ, ಅನುದಾನ ಕಡಿಮೆ, ರಜೆ ಮಾತ್ರ ಇದೆ. ಶುಲ್ಕರಹಿತ ದಿನಗಳ ಪಟ್ಟಿ ಪ್ರತಿವರ್ಷ ಬದಲಾಗಬಹುದಾದದ್ದು. ಮುಂದಿನ ಆಡಳಿತ ಬಿಟ್ಟ ದಿನಗಳನ್ನು ಮತ್ತೆ ಸೇರಿಸಬಹುದು.

ಅದಕ್ಕಿಂತ ದೀರ್ಘ ಪರಿಣಾಮದ ವಿಷಯವೊಂದಿದೆ. ಗ್ಯಾಲ್ವೆಸ್ಟನ್ನಿನಿಂದ ಹ್ಯೂಸ್ಟನ್ನಿನಲ್ಲಿ ಬಿಡುಗಡೆಯಾದವರು ಕಟ್ಟಿಕೊಂಡ ಬಡಾವಣೆಯಾದ ಫ್ರೀಡ್‌ಮೆನ್ಸ್ ಟೌನ್ ಮತ್ತು ವಿಮೋಚನಾ ಉದ್ಯಾನದವರೆಗೆ 51 ಮೈಲಿಯ ರಾಷ್ಟ್ರೀಯ ಐತಿಹಾಸಿಕ ಜಾಡನ್ನು ಗುರುತಿಸಬಹುದೇ ಎಂದು ಅಧ್ಯಯನ ಮಾಡಲು 2020ರಲ್ಲಿ ಕಾನೂನಾಯಿತು. ಆ ಮಸೂದೆಯನ್ನು ತಂದದ್ದು ಹ್ಯೂಸ್ಟನ್ನಿನ ಸಂಸದೆ ಶೀಲಾ ಜಾಕ್ಸನ್ ಲೀ. ಕಾನೂನಿಗೆ ಸಹಿ ಹಾಕಿದ್ದು ಆಗ ಮೊದಲ ಅವಧಿಯಲ್ಲಿದ್ದ ಟ್ರಂಪ್. ಅಧ್ಯಯನದ ಹೊಣೆ ಬಿದ್ದದ್ದು ಈಗ ಶುಲ್ಕದ ಪಟ್ಟಿಯಿಂದ ಜೂನ್ 19ನ್ನು ಬಿಟ್ಟ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೇಲೆಯೇ. ಜಾಡಿಗೆ ಕಾಯಂ ಸ್ಥಾನ ಸಿಗಬೇಕಾದರೆ ಸಂಸತ್ತು ಇನ್ನೊಂದು ಕಾನೂನು ಮಾಡಬೇಕು. ಜಾಕ್ಸನ್ ಲೀ 2024ರ ಜುಲೈನಲ್ಲಿ ತೀರಿಕೊಂಡರು. ಆ ಎರಡನೆಯ ಮಸೂದೆಯನ್ನು ಯಾರು ಎತ್ತಿಕೊಂಡು ಎಷ್ಟು ಮತ ಕೂಡಿಸುತ್ತಾರೆ ಎಂಬುದು ಶುಲ್ಕದ ಪಟ್ಟಿಗಿಂತ ಹೆಚ್ಚು ಕಾಲ ನಿಲ್ಲುವ ಫಲಿತಾಂಶ ಕೊಡುತ್ತದೆ.